ಮಲ್ಟಿವ್ಯಾಲ್ಯೂ ಡೇಟಾಬೇಸನ್ನು ನೇರವಾಗಿ ಪವರ್ ಬಿಐಗೆ ಜೋಡಿಸಬಹುದೇ?

ಆರ್ಡರ್, ಸ್ಟಾಕ್, ಬಿಲ್ಲಿಂಗ್ ಎಲ್ಲ ಯೂನಿವರ್ಸ್ ಎಂಬ ಮಲ್ಟಿವ್ಯಾಲ್ಯೂ ಡೇಟಾಬೇಸ್ (ಒಂದೇ ಫೀಲ್ಡಿನಲ್ಲಿ ಹಲವು ವ್ಯಾಲ್ಯೂ ಇಡುವಂಥದ್ದು) ಮೇಲೆ ನಡೆಯುತ್ತಿದೆ, ಮ್ಯಾನೇಜ್‌ಮೆಂಟ್‌ಗೆ ಈಗ ಮೈಕ್ರೋಸಾಫ್ಟ್‌ನ ರಿಪೋರ್ಟಿಂಗ್ ಟೂಲ್ ಆದ ಪವರ್ ಬಿಐನ ಡ್ಯಾಶ್‌ಬೋರ್ಡ್ ಬೇಕು, ಓಡಿಬಿಸಿ (ಡೇಟಾಬೇಸನ್ನು ಬೇರೆ ಟೂಲ್‌ಗಳಿಗೆ ಜೋಡಿಸುವ ಸಾಮಾನ್ಯ ದಾರಿ) ಮೂಲಕ ನೇರವಾಗಿ ಜೋಡಿಸಬಹುದೇ ಅಥವಾ ಡೇಟಾಬೇಸನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಜೋಡಿಸಬಹುದು. ಆದರೆ ಜೋಡಿಸಿದ ಮೊದಲ ದಿನ ಬರುವ ಅಂಕಿಗಳನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ. ಬರೀ ರಿಪೋರ್ಟಿಗಾಗಿ ಡೇಟಾಬೇಸ್ ಬದಲಿಸುವ ಅಗತ್ಯವಂತೂ ಖಂಡಿತ ಇಲ್ಲ. ವರ್ಷಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಒಂದೇ ಒಂದು ಆರ್ಡರ್ ರೆಕಾರ್ಡನ್ನು ಹತ್ತಿರದಿಂದ ನೋಡೋಣ. ಐಡಿ 10457. ಮೊದಲ ಫೀಲ್ಡ್‌ನಲ್ಲಿ ಗ್ರಾಹಕರ ಸಂಖ್ಯೆ. ಎರಡನೆಯದರಲ್ಲಿ 18994, ಇದು ತಾರೀಖು. ಮೂರನೆಯದರಲ್ಲಿ ಐಟಂ ಕೋಡ್‌ಗಳು: 1201, 3307, 5590, ಮೂರೂ ಒಂದೇ ಫೀಲ್ಡ್‌ನೊಳಗೆ. ನಾಲ್ಕನೆಯದರಲ್ಲಿ ಅವುಗಳ ಪ್ರಮಾಣ: 2, 10, 1. ಐದನೆಯದರಲ್ಲಿ 15000, ಇಡೀ ಆರ್ಡರಿಗೆ ಗ್ರಾಹಕರಿಂದ ಪಡೆಯುವ ಸಾಗಣೆ ವೆಚ್ಚ. ಫೀಲ್ಡ್‌ಗಳ ನಡುವೆ ಇರುವ ಗುರುತು 254ನೇ ಬೈಟ್, ವ್ಯಾಲ್ಯೂಗಳ ನಡುವೆ 253, ಅದರೊಳಗೂ ಒಡೆದರೆ 252. ಮೂರನೇ ಫೀಲ್ಡಿನ ಎರಡನೇ ವ್ಯಾಲ್ಯೂವಿಗೆ ನಾಲ್ಕನೇ ಫೀಲ್ಡಿನ ಎರಡನೇ ವ್ಯಾಲ್ಯೂ ಜೋಡಿ. ಈ ಜೋಡಿತನ ಡೇಟಾದಲ್ಲಿ ಎಲ್ಲೂ ಬರೆದಿರುವುದಿಲ್ಲ, ಫೀಲ್ಡ್‌ಗಳ ವಿವರ ಬರೆದಿಡುವ ಡಿಕ್ಷನರಿಯಲ್ಲಿ ಅಸೋಸಿಯೇಷನ್ ಎಂದು ಘೋಷಿಸಿರಬೇಕು. 15000 ಅಂದರೆ 150.00 ಎಂದು ಹೇಳುವುದೂ ಡಿಕ್ಷನರಿಯ ಎಂಡಿ2 ಎಂಬ ಕನ್ವರ್ಶನ್ ಕೋಡೇ (2 ಅಂದರೆ ಎರಡು ದಶಮಾಂಶ ಸ್ಥಾನ). 18994 ಅಂದರೆ 2020ರ ಜನವರಿ 1. ಇಲ್ಲಿ ದಿನಗಳ ಎಣಿಕೆಯ ಸೊನ್ನೆ 1967ರ ಡಿಸೆಂಬರ್ 31. ಕಚ್ಚಾ ಸಂಖ್ಯೆ ಎಕ್ಸೆಲ್‌ಗೆ ಬಂದುಬಿಟ್ಟರೆ 24837 ಕೂಡಿಸಿ, ಸರಿಯಾದ ತಾರೀಖು ಸಿಗುತ್ತದೆ.

ಈಗ ಇದೇ ರೆಕಾರ್ಡನ್ನು ಓಡಿಬಿಸಿ ಮೂಲಕ ಬಿಡಿಸಿ. ಯೂನಿವರ್ಸ್ ಎಸ್‌ಕ್ಯೂಎಲ್‌ನಲ್ಲಿ ಅನ್‌ನೆಸ್ಟ್ ಬಳಸಿದರೆ ಒಂದು ಆರ್ಡರ್ ಮೂರು ಸಾಲಾಗುತ್ತದೆ, ಮೂರು ಸಾಲಲ್ಲೂ ಸಾಗಣೆ ವೆಚ್ಚ 150 ಎಂದು ಕೂತಿರುತ್ತದೆ. ಪವರ್ ಬಿಐ ಅದನ್ನು ಕೂಡಿಸಿ 450 ಎನ್ನುತ್ತದೆ. ಎರರ್ ಬರುವುದಿಲ್ಲ, ಗ್ರಾಫ್ ನೋಡಲು ಚೆನ್ನಾಗಿಯೇ ಇರುತ್ತದೆ. ನಾನು ಮಾಡಿದ ಮೊದಲ ಡ್ಯಾಶ್‌ಬೋರ್ಡಿನಲ್ಲಿ ಆಗಿದ್ದೂ ಇದೇ. ಐಟಂವಾರು ಮಾರಾಟ ಪೈಸೆ ಪೈಸೆಗೂ ಸರಿಹೊಂದಿತ್ತು, ಅದನ್ನೇ ನಂಬಿ ಉಳಿದದ್ದನ್ನು ಪರೀಕ್ಷಿಸದೆ ಬಿಟ್ಟೆ. ಸಾಗಣೆಯಿಂದ ಬಂದ ಆದಾಯ ಇಷ್ಟೊಂದು ಇರಲು ಸಾಧ್ಯವೇ ಇಲ್ಲ ಎಂದು ಲೆಕ್ಕಪತ್ರ ವಿಭಾಗದವರು ಹೇಳುವ ಹೊತ್ತಿಗೆ ಎರಡು ತಿಂಗಳ ಸಭೆಗಳಲ್ಲಿ ಆ ಅಂಕಿ ಓಡಾಡಿಬಿಟ್ಟಿತ್ತು. ಆಮೇಲೆ ಸರಿಯಾದ ಅಂಕಿಯನ್ನೂ ಜನ ಅನುಮಾನದಿಂದಲೇ ನೋಡುತ್ತಿದ್ದರು, ಅದು ಬಹಳ ನೋವು ಕೊಟ್ಟ ವಿಷಯ.

ಆದ್ದರಿಂದ ಯಾವ ಟೂಲ್ ಎಂದು ಯೋಚಿಸುವ ಮೊದಲೇ, ಒಂದು ಸಾಲು ಅಂದರೆ ಏನು ಎಂದು ಪ್ರತಿ ಫೈಲಿಗೂ ತೀರ್ಮಾನ ಮಾಡಿಕೊಳ್ಳಿ. ಆರ್ಡರ್ ಫೈಲ್ ಒಂದಾದರೂ ಅದರಿಂದ ಎರಡು ಟೇಬಲ್ ಹುಟ್ಟಬೇಕು: ಆರ್ಡರಿಗೊಂದು ಸಾಲು ಇರುವ ಹೆಡರ್ ಟೇಬಲ್, ಐಟಂಗೊಂದು ಸಾಲು ಇರುವ ಲೈನ್ ಟೇಬಲ್. ಸಾಗಣೆ ವೆಚ್ಚ ಹೆಡರಿನಲ್ಲಿ ಮಾತ್ರ ಇರಲಿ. ಅಸೋಸಿಯೇಷನ್ ಸರಿಯಾಗಿ ಘೋಷಿಸಿದ್ದರೆ ಯೂನಿವರ್ಸ್ ತಾನೇ ಆ ಭಾಗವನ್ನು ಫೈಲಿನ ಹೆಸರು, ಅಂಡರ್‌ಸ್ಕೋರ್, ಅಸೋಸಿಯೇಷನ್ ಹೆಸರು ಸೇರಿದ ಬೇರೆ ಟೇಬಲ್‌ನಂತೆ ತೋರಿಸುತ್ತದೆ. ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಕೀ ಬೇಕೆಂದರೆ ಆರ್ಡರ್ ಐಡಿ ಜೊತೆಗೆ ವ್ಯಾಲ್ಯೂವಿನ ಸ್ಥಾನಸಂಖ್ಯೆ ಸೇರಿಸಿ.

ಈ ಸ್ಥಾನಸಂಖ್ಯೆಯಲ್ಲೂ ಒಂದು ಹಳ್ಳವಿದೆ. ನಡುವಿನ ಐಟಂ ತೆಗೆದುಹಾಕಿದರೆ ಕೆಳಗಿನವೆಲ್ಲ ಒಂದೊಂದು ಮೇಲೆ ಸರಿಯುತ್ತವೆ. ನಿನ್ನೆ 3 ಆಗಿದ್ದದ್ದು ಇಂದು 2. ನೀವು ಬದಲಾದ ಸಾಲುಗಳನ್ನಷ್ಟೇ ಅಪ್‌ಡೇಟ್ ಮಾಡುತ್ತಾ ಹೋದರೆ ಹಳೆಯ 3ನೇ ಸಾಲು ಅಲ್ಲೇ ಉಳಿದು ಮಾರಾಟವನ್ನು ಹಿಗ್ಗಿಸುತ್ತದೆ. ಬದಲಾದ ಆರ್ಡರ್ ಸಿಕ್ಕಿದರೆ ಅದರ ಎಲ್ಲ ಸಾಲುಗಳನ್ನೂ ಅಳಿಸಿ ಹೊಸದಾಗಿ ತುಂಬಿ.

ಇನ್ನು ಡಿಕ್ಷನರಿ. ಹಳೆಯ ಸಿಸ್ಟಮ್‌ಗಳಲ್ಲಿ ಒಂದೇ ಫೀಲ್ಡಿಗೆ ನಾಲ್ಕೈದು ಹೆಸರುಗಳಿರುತ್ತವೆ, ಒಂದರಲ್ಲಿ ಎಂಡಿ2, ಇನ್ನೊಂದರಲ್ಲಿ ಎಂಡಿ4. ಡೇಟಾಬೇಸ್ ಇದನ್ನು ತಡೆಯುವುದಿಲ್ಲ, ಏಕೆಂದರೆ ಡಿಕ್ಷನರಿ ಬರೀ ವಿವರಣೆ, ಕಟ್ಟುಪಾಡಲ್ಲ. ಯಾವುದು ನಿಜ ಎನ್ನುವುದು ಆ ಫೀಲ್ಡಿಗೆ ಬರೆಯುವ ಬೇಸಿಕ್ (ಯೂನಿವರ್ಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಂ ನೋಡಿದಾಗಲೇ ಗೊತ್ತಾಗುವುದು. ಐ-ಟೈಪ್ ಎಂಬ, ಕೇಳಿದಾಗಲೇ ಲೆಕ್ಕ ಹಾಕಿ ಕೊಡುವ ಫೀಲ್ಡ್‌ಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಟ್ರಾನ್ಸ್ ಫಂಕ್ಷನ್ ಬಳಸಿ ಐಟಂ ಮಾಸ್ಟರಿನಿಂದ ವರ್ಗವನ್ನೋ ಬೆಲೆಯನ್ನೋ ಎಳೆದು ತರುವ ಐ-ಟೈಪ್, ರಿಪೋರ್ಟ್ ಓಡುವ ಕ್ಷಣದಲ್ಲಿ ಅಲ್ಲಿ ಏನಿದೆಯೋ ಅದನ್ನೇ ತರುತ್ತದೆ. ಇಂದು ಒಂದು ಐಟಮ್ಮಿನ ವರ್ಗ ಬದಲಿಸಿದರೆ ಮೂರು ವರ್ಷದ ಹಿಂದಿನ ಮಾರಾಟವೂ ಹೊಸ ವರ್ಗಕ್ಕೆ ಜಿಗಿಯುತ್ತದೆ. ಹಿಂದಿನ ವರ್ಷದೊಂದಿಗೆ ಹೋಲಿಸುವ ಚಾರ್ಟ್ ಇದ್ದರೆ, ಆರ್ಡರ್ ಆದ ದಿನದ ವರ್ಗವನ್ನು ನಿಮ್ಮ ಲೈನ್ ಟೇಬಲಿನಲ್ಲೇ ಉಳಿಸಿಕೊಳ್ಳಬೇಕು.

ಜೋಡಿ ಫೀಲ್ಡ್‌ಗಳಲ್ಲಿ ವ್ಯಾಲ್ಯೂಗಳ ಸಂಖ್ಯೆ ಒಂದೇ ಇದೆಯೇ ಎಂದು ಡಿಕೌಂಟ್ ಫಂಕ್ಷನ್ ಹಾಕಿ ಇಡೀ ಫೈಲನ್ನು ಒಮ್ಮೆ ಜಾಲಾಡಿ. ಐಟಂ ಕೋಡ್ ಮೂರು, ಪ್ರಮಾಣ ಎರಡು ಎಂಬಂಥ ರೆಕಾರ್ಡ್‌ಗಳು ಸಿಕ್ಕೇ ಸಿಗುತ್ತವೆ. ಎಕ್ಸ್‌ಪೋರ್ಟ್ ಮಾಡಿದ ಟೆಕ್ಸ್ಟ್ ಫೈಲಿನಲ್ಲಿ ತಲೆಯ ಮೇಲೆ ಗೀಟಿರುವ ವೈ ಅಕ್ಷರ ಕಂಡರೆ ಅದು ಬಿಡಿಸದೆ ಉಳಿದ 253ನೇ ಬೈಟ್ ಎಂದು ತಿಳಿಯಿರಿ.

ಡ್ಯಾಶ್‌ಬೋರ್ಡ್ ನೇರವಾಗಿ ಲೈವ್ ಡೇಟಾಬೇಸಿನ ಮೇಲೆ ಓಡುವುದು ನನಗೆ ಇಷ್ಟವಿಲ್ಲ. ಇಂಡೆಕ್ಸ್ ಇಲ್ಲದ ಫೀಲ್ಡಿನ ಮೇಲೆ ಫಿಲ್ಟರ್ ಹಾಕಿದರೆ ಫೈಲಿನ ಪ್ರತಿ ರೆಕಾರ್ಡನ್ನೂ ಓದಬೇಕು, ಅತ್ತ ಬಿಲ್ ಮಾಡುವವರು ಕಾಯುತ್ತಿರುತ್ತಾರೆ. ಓದುತ್ತಿರುವಾಗಲೇ ಡೇಟಾ ಬದಲಾಗುವುದರಿಂದ ಹೆಡರಿನ ಮೊತ್ತಕ್ಕೂ ಲೈನುಗಳ ಮೊತ್ತಕ್ಕೂ ತಾಳೆಯಾಗದೆ ಹೋಗಬಹುದು. ರಾತ್ರಿ ಹೊತ್ತು ಒಂದು ಬೇಸಿಕ್ ಪ್ರೋಗ್ರಾಂ ಫೈಲುಗಳನ್ನು ಬಿಡಿಸಿ ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್‌ನಂಥ ಸಾಮಾನ್ಯ ಟೇಬಲ್ ಡೇಟಾಬೇಸಿಗೆ ತುಂಬಲಿ, ಪವರ್ ಬಿಐ ಅಲ್ಲಿಂದ ಓದಲಿ.

ಹಾಗೆಂದು ಎಲ್ಲವನ್ನೂ ಹೊರಗೆ ಎಳೆಯಬೇಡಿ. ಡಿಕ್ ಪಿಕ್ ಮತ್ತು ಡಾನ್ ನೆಲ್ಸನ್ 1965ರ ಸುಮಾರಿಗೆ ಟಿಆರ್‌ಡಬ್ಲ್ಯೂ ಕಂಪನಿಯಲ್ಲಿ ಈ ಮಲ್ಟಿವ್ಯಾಲ್ಯೂ ವ್ಯವಸ್ಥೆಯನ್ನು ಶುರು ಮಾಡಿದ್ದು ಅಮೆರಿಕದ ಸೇನೆಯ ಷಾಯೆನ್ ಹೆಲಿಕಾಪ್ಟರಿನ ಬಿಡಿಭಾಗಗಳ ಲೆಕ್ಕಕ್ಕಾಗಿ. ಸಾಮಾನ್ಯ ಮಾತಿನಂಥ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಆಗಿನಿಂದಲೂ ಇದರ ಜೀವಾಳ. ಇವತ್ತು ಕಳಿಸಬೇಕಾದ ಆರ್ಡರ್‌ಗಳು, ಬಾಕಿ ಇರುವ ಬಿಲ್‌ಗಳು, ಇಂಥ ದಿನನಿತ್ಯದ ಪಟ್ಟಿಗೆ ಸಾರ್ಟ್, ಬ್ರೇಕ್-ಆನ್, ಟೋಟಲ್ ಹಾಕಿದ ಒಂದು ಸಾಲಿನ ಕಮ್ಯಾಂಡ್ ಸಾಕು. ಹತ್ತು ಸೆಕೆಂಡಿನಲ್ಲಿ ಟೈಪ್ ಮಾಡಬಹುದಾದದ್ದಕ್ಕೆ ಡ್ಯಾಶ್‌ಬೋರ್ಡ್ ಕಟ್ಟುವುದು ನಿಮ್ಮ ಸಮಯಕ್ಕೆ ಮಾಡುವ ಅನ್ಯಾಯ. ವರ್ಷಗಳ ಹೋಲಿಕೆ, ಬೇರೆ ಸಿಸ್ಟಮ್ಮಿನ ಡೇಟಾದೊಂದಿಗೆ ಜೋಡಣೆ, ಇವಕ್ಕೆ ಹೊರಗಿನ ಟೇಬಲ್‌ಗಳು ಬೇಕು.

ಶುರು ಮಾಡುವುದು ಆರ್ಡರ್ ಫೈಲ್ ಒಂದರಿಂದಲೇ, ಮುಗಿದುಹೋದ ಒಂದು ತಿಂಗಳಿಗೆ ಮಾತ್ರ. ಯೂನಿವರ್ಸ್‌ನಲ್ಲೇ ಲಿಸ್ಟ್ ಕಮ್ಯಾಂಡಿಗೆ ಟೋಟಲ್ ಸೇರಿಸಿ ಸಾಗಣೆ ವೆಚ್ಚದ ಮೊತ್ತ ತೆಗೆಯಿರಿ, ವ್ಯಾಲ್ಯೂಗಳನ್ನು ಬಿಡಿಸದೆ. ಅದೇ ಮೊತ್ತ ನಿಮ್ಮ ಹೆಡರ್ ಟೇಬಲಿನಲ್ಲೂ ಬರುವವರೆಗೆ ಎರಡನೇ ಫೈಲಿಗೆ ಕೈಹಾಕಬೇಡಿ. ಆರ್ಡರ್ ಫೈಲಿನ ಡಿಕ್ಷನರಿ ಲಿಸ್ಟಿಂಗನ್ನು ಇಲ್ಲಿ ಹಾಕಿದರೆ, ಡಿಕ್ಷನರಿ ನಮೂದುಗಳ ಏಳನೇ ಫೀಲ್ಡಿನಲ್ಲಿ ಅಸೋಸಿಯೇಷನ್ ಹೆಸರು ಎಲ್ಲೆಲ್ಲಿ ತಪ್ಪಿದೆ ಎಂದು ನೋಡಿ ಹೇಳುತ್ತೇನೆ.