ಹುಡುಗ ಜರ್ಮನಿಯವನು, ಟೂರಿಸ್ಟ್ ವೀಸಾದಲ್ಲಿ ಬೆಂಗಳೂರಿನಲ್ಲಿದ್ದಾನೆ. ಮದುವೆಯಾದ ಮೇಲೆ ಇಲ್ಲೇ ಇರಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು ಹೀಗಿದೆ. ಹುಡುಗನ ಹತ್ತಿರ ಒಂದು ವರ್ಷದ ಇ-ಟೂರಿಸ್ಟ್ ವೀಸಾ ಇದೆ, ಒಂದು ಸಲ ಬಂದರೆ 90 ದಿನ ಇರಬಹುದು. 90 ತುಂಬುವ ಹೊತ್ತಿಗೆ ಕೊಲಂಬೊಗೋ ಕಠ್ಮಂಡುಗೋ ಹೋಗಿ ವಾಪಸ್ ಬರುತ್ತಾರೆ. ನಿಮ್ಮ ಮನೆಯವರು ಒಪ್ಪಿದ್ದಾರೆ, ಆಷಾಢಕ್ಕೆ ಮೊದಲೇ ದೇವಸ್ಥಾನದಲ್ಲಿ ಮದುವೆ ಮುಗಿಸೋಣ ಅನ್ನುತ್ತಿದ್ದಾರೆ. ಮದುವೆಯಾದ ಮೇಲೆ ವೀಸಾ ತಾನಾಗಿ ಸರಿಹೋಗುತ್ತಾ, ಇಲ್ಲ ನೀವೇ ಅಲ್ಲಿಗೆ ಹೋಗೋದು ಸುಲಭಾನಾ ಅಂತ ಕೇಳಿದ್ದೀರಿ.

ತಾನಾಗಿ ಏನೂ ಸರಿಹೋಗುವುದಿಲ್ಲ. ಆದರೆ ದಾರಿ ಇದೆ, ಅಷ್ಟೇನೂ ಕಷ್ಟದ್ದಲ್ಲ. ನನ್ನ ಗಂಡನೂ ಜರ್ಮನಿಯವರೇ. ಈಗ ಅವರಿಗೆ ಓಸಿಐ ಕಾರ್ಡ್ (ವಿದೇಶಿ ಪ್ರಜೆಗಳು ಭಾರತದಲ್ಲಿ ಎಷ್ಟು ದಿನ ಬೇಕಾದರೂ ಇರಲು ಕೊಡುವ ಕಾರ್ಡ್) ಇದೆ, ಬಸವನಗುಡಿಯಲ್ಲಿ ಇದ್ದೇವೆ. ನಾನು ವಕೀಲೆಯಲ್ಲ, ಈ ಕಾಗದಗಳ ಹಿಂದೆ ಓಡಾಡಿದವಳು ಅಷ್ಟೇ.

ಮೊದಲು ಒಂದು ವಿಷಯ ತಲೆಯಲ್ಲಿ ಕೂತುಬಿಡಲಿ. ಸರ್ಕಾರದ ಲೆಕ್ಕ ಶುರುವಾಗುವುದು ಮದುವೆ ರಿಜಿಸ್ಟರ್ ಆದ ದಿನದಿಂದ. ತಾಳಿ ಕಟ್ಟಿದ ದಿನ, ಆರತಕ್ಷತೆಯ ದಿನ, ಇಷ್ಟು ವರ್ಷ ಜೊತೆಗಿದ್ದೇವೆ ಅನ್ನೋದು ಯಾವುದೂ ಅಲ್ಲಿ ಎಣಿಕೆಗೆ ಬರುವುದಿಲ್ಲ. ಅವರು ಇಲ್ಲಿ ಉಳಿಯಲು ಬೇಕಾದ ಎಂಟ್ರಿ ವೀಸಾ, ಓಸಿಐ, ನೀವು ಜರ್ಮನಿಗೆ ಹೋಗುವ ವೀಸಾ, ಎಲ್ಲಕ್ಕೂ ಕೇಳುವುದು ಆ ಒಂದು ಸರ್ಟಿಫಿಕೇಟನ್ನೇ. ಅದಕ್ಕೇ ಹೇಳುತ್ತೇನೆ, ಛತ್ರ ಬುಕ್ ಮಾಡುವ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿಗೆ ನೋಟಿಸ್ ಕೊಡಿ.

ದೇವಸ್ಥಾನದ ಮದುವೆ ಬೇಡ ಅನ್ನುತ್ತಿಲ್ಲ, ಧಾರಾಳವಾಗಿ ಮಾಡಿಕೊಳ್ಳಿ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಅವರು ಅಲ್ಲ ಅಂದಮೇಲೆ ದೇವಸ್ಥಾನದ ರಸೀದಿ, ಪುರೋಹಿತರ ಸಹಿ ಇಟ್ಟುಕೊಂಡು ಆ ಕಾಯ್ದೆಯಡಿ ಹೋದರೆ ಆಗುವುದಿಲ್ಲ. ಕೆಲವರು ಶುದ್ಧಿ ಮಾಡಿಸಿ, ಹೆಸರು ಬದಲಾಯಿಸಿ, ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಅನ್ನುತ್ತಾರೆ. ನಂಬಿಕೆಯಿಂದ ಮಾಡಿದರೆ ಅದು ಅವರವರ ಇಷ್ಟ. ನೋಟಿಸ್ ಕೊಟ್ಟು ಕಾಯುವ 30 ದಿನ ಉಳಿಸೋಕೆ ಅಂತ ಮಾಡುವುದಾದರೆ ಬೇಡ. ಮುಂದೆ ಜರ್ಮನಿಯ ಕಚೇರಿಯಲ್ಲಿ ಪಾಸ್‌ಪೋರ್ಟಿನ ಹೆಸರು ಒಂದು, ಮದುವೆ ಸರ್ಟಿಫಿಕೇಟಿನ ಹೆಸರು ಇನ್ನೊಂದು ಅಂತ ಆದಾಗ ಉಳಿಸಿದ 30 ದಿನದ ಹತ್ತರಷ್ಟು ಅಲ್ಲಿ ಕಳೆಯುತ್ತದೆ.

ನಿಮಗೆ ಸರಿಯಾದದ್ದು 1954ರ ವಿಶೇಷ ವಿವಾಹ ಕಾಯ್ದೆ. ನಿಮ್ಮಿಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಮಾಡಿರಬೇಕು. ನೀವು ಬೆಂಗಳೂರಿನವರೇ ಆದ್ದರಿಂದ ಅದು ಮುಗಿದ ಹಾಗೆ. ನೋಟಿಸ್ ಕೊಟ್ಟ ಮೇಲೆ ಅದನ್ನು ಕಚೇರಿಯ ಬೋರ್ಡಿಗೆ ಅಂಟಿಸುತ್ತಾರೆ. 30 ದಿನದೊಳಗೆ ಯಾರಾದರೂ ಆಕ್ಷೇಪಣೆ ಹಾಕಬಹುದು. ಯಾರೂ ಹಾಕದಿದ್ದರೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಶುರು. ಈಗ ಅವರ 90 ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಂದ ಮೊದಲ ವಾರದಲ್ಲೇ ನೋಟಿಸ್ ಕೊಟ್ಟರೆ ಮದುವೆಯೂ ಆಗಿ, ಮುಂದಿನ ಕೆಲಸಕ್ಕೂ ಸಮಯ ಸಿಗುತ್ತದೆ. ಎರಡನೇ ತಿಂಗಳಲ್ಲಿ ಕೊಟ್ಟರೆ ಮದುವೆ ಮುಗಿಯುವಷ್ಟರಲ್ಲಿ ಅವರು ಗಂಟುಮೂಟೆ ಕಟ್ಟಬೇಕು.

ಅವರ ಕಡೆಯಿಂದ ಬೇಕಾದ ಮುಖ್ಯ ಕಾಗದ ಎಂದರೆ ಈಗ ಮದುವೆಯಾಗಿಲ್ಲ, ಮದುವೆಯಾಗೋಕೆ ಅಡ್ಡಿ ಏನೂ ಇಲ್ಲ ಎಂಬ ಪತ್ರ. ಜರ್ಮನಿಯಲ್ಲಿ ಇದನ್ನು ಅವರ ಊರಿನ ಜನನ, ಮದುವೆ ನೋಂದಣಿ ಕಚೇರಿ, ಅಂದರೆ ಷ್ಟಾಂಡೆಸ್‌ಆಮ್ಟ್ ಕೊಡುತ್ತದೆ. ಆರು ತಿಂಗಳು ಮಾತ್ರ ನಡೆಯುತ್ತದೆ, ಆದ್ದರಿಂದ ತೀರಾ ಮುಂಚೆಯೂ ಮಾಡಿಸಬೇಡಿ. ತಮಾಷೆ ಏನೆಂದರೆ ಅವರ ಪತ್ರಕ್ಕೆ ನಿಮ್ಮ ಕಾಗದಗಳನ್ನೂ ಕೇಳುತ್ತಾರೆ, ಜನನ ಪ್ರಮಾಣಪತ್ರ ಸಮೇತ. ನಿಮ್ಮ ಜನನ ಪ್ರಮಾಣಪತ್ರವನ್ನು ಇವತ್ತೇ ಬೀರುವಿನಿಂದ ತೆಗೆದು ನೋಡಿ. ನಮ್ಮ ಕಾಲದವರದ್ದು ಬಹಳಷ್ಟರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಆಸ್ಪತ್ರೆಯಿಂದ ನೇರ ಹೋದದ್ದು, ನಾಮಕರಣ ಆಮೇಲೆ ಆದದ್ದು. ಹೆಸರು ಸೇರಿಸಿಸೋಕೆ ಪಾಲಿಕೆಗೆ ಓಡಾಡಬೇಕು.

ಅದರ ಜೊತೆಗೆ ನಮ್ಮ ಇನಿಷಿಯಲ್ಲಿನ ತಾಪತ್ರಯ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿರುತ್ತದೆ. ನಮಗಿದು ಸಹಜ. ಜರ್ಮನಿಯ ಕಚೇರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಇಲ್ಲಿನ ಕೌಂಟರಿನಲ್ಲಿ ಇದರ ಉಲ್ಟಾ ಆಯಿತು. ನನ್ನ ಗಂಡನ ಪಾಸ್‌ಪೋರ್ಟಿನಲ್ಲಿ ಮೂರು ಹೆಸರು ಸಾಲಾಗಿವೆ, ಅಪ್ಪನ ಹೆಸರು ಮಾತ್ರ ಎಲ್ಲೂ ಇಲ್ಲ. ಅರ್ಜಿಯಲ್ಲಿ ತಂದೆ ಹೆಸರು ಬೇಕೇ ಬೇಕು. ಗುಮಾಸ್ತರು ಪಾಸ್‌ಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದರಲ್ಲಿ ಇವರ ತಂದೆ ಯಾರಮ್ಮಾ?’ ಅಂತ ಕೇಳಿದರು. ಅವರ ಜನನ ಪ್ರಮಾಣಪತ್ರದ ಇಂಗ್ಲಿಷ್ ಅನುವಾದ ಜೊತೆಗಿದ್ದದ್ದರಿಂದ ಬಚಾವ್ ಆದೆವು. ನೀವೂ ಇಟ್ಟುಕೊಳ್ಳಿ. ಹೆಸರುಗಳು ಎಲ್ಲ ಕಡೆ ಪಾಸ್‌ಪೋರ್ಟಿನ ಹಾಗೇ ಇರಲಿ, ಒಂದಕ್ಷರವೂ ಆಚೀಚೆ ಬೇಡ. ಸರ್ಟಿಫಿಕೇಟಿಗೆ ಸಹಿ ಹಾಕುವ ಮೊದಲು ಕರಡು ತೋರಿಸಿ ಅಂತ ಕೇಳಿ. ಸಂಕೋಚ ಬೇಡ.

ಅಪೊಸ್ಟಿಲ್, ಅಂದರೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲಿ ಅಂತ ಹಾಕಿಸುವ ದೃಢೀಕರಣದ ಮುದ್ರೆ, ಅದರ ಬಗ್ಗೆ ಒಂದು ಮಾತು. ಏಜೆಂಟರು ಕಂಡಕಂಡ ಕಾಗದಕ್ಕೆಲ್ಲ ಅಪೊಸ್ಟಿಲ್ ಹೊಡೆಸಿಕೊಡುತ್ತೇವೆ ಅನ್ನುತ್ತಾರೆ. ಭಾರತ 2005ರಿಂದ ಆ ಒಪ್ಪಂದದಲ್ಲಿದೆ ನಿಜ, ಆದರೆ ಜರ್ಮನಿ ಆಕ್ಷೇಪಣೆ ಹಾಕಿದ್ದರಿಂದ ನಾವು ಕಾಗದ ಮಾಡಿಸುವಾಗ ಈ ಎರಡು ದೇಶಗಳ ನಡುವೆ ಅದು ನಡೆಯುತ್ತಿರಲಿಲ್ಲ. ದುಡ್ಡು ಕೊಡುವ ಮೊದಲು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವೆಬ್‌ಸೈಟ್ ಓದಿ.

ಮದುವೆ ರಿಜಿಸ್ಟರ್ ಆದಮೇಲೆ ನಿಮ್ಮವರಿಗೆ ಬೇಕಾದ್ದು ಎಂಟ್ರಿ ವೀಸಾ, ಅದರಲ್ಲೂ ಭಾರತೀಯರ ಗಂಡ ಅಥವಾ ಹೆಂಡತಿಗೆ ಕೊಡುವ ಎಕ್ಸ್-2. ಇದಕ್ಕೆ ಎರಡು ದಾರಿ. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿನವರನ್ನು ಮದುವೆಯಾದವರು ಇಲ್ಲಿದ್ದುಕೊಂಡೇ ಅದಕ್ಕೆ ಬದಲಾಯಿಸಿಕೊಳ್ಳಲು ಗೃಹ ಸಚಿವಾಲಯದ ನಿಯಮದಲ್ಲಿ ಅವಕಾಶವಿದೆ. ಅರ್ಜಿ ವಿದೇಶಿಯರ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಇ-ಎಫ್ಆರ್‌ಆರ್‌ಒ ಪೋರ್ಟಲ್‌ನಲ್ಲಿ. ಕಚೇರಿ ಶಾಂತಿನಗರ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲೇ ಇದೆ, ಕರೆದರೆ ಹೋಗಬೇಕು. ಮದುವೆ ಸರ್ಟಿಫಿಕೇಟ್, ಅವರ ಜವಾಬ್ದಾರಿ ನಿಮ್ಮದು ಅಂತ ನೀವು ಬರೆದುಕೊಡುವ ಇಂಡೆಮ್ನಿಟಿ ಬಾಂಡ್, ಇಬ್ಬರೂ ಒಟ್ಟಿಗೆ ಇದ್ದೀರಿ ಅನ್ನೋದಕ್ಕೆ ಪರಿಶೀಲನೆ, ಇವೆಲ್ಲ ಇರುತ್ತವೆ. ಇನ್ನೊಂದು ದಾರಿ, ಅವರು ಊರಿಗೆ ಹೋಗಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಮದುವೆ ಸರ್ಟಿಫಿಕೇಟ್ ತೋರಿಸಿ ವೀಸಾ ತರುವುದು. ನನ್ನ ಗಂಡ ಹೇಗೂ ಅಮ್ಮನನ್ನು ನೋಡಲು ಹೋಗುವುದಿತ್ತು, ಹಾಗಾಗಿ ನಾವು ಎರಡನೆಯದನ್ನೇ ಆರಿಸಿಕೊಂಡೆವು. ಇ-ವೀಸಾದ ದಿನಗಳು ಕೈಯಲ್ಲಿ ಕಡಿಮೆ ಉಳಿದಿದ್ದರೆ ನನ್ನ ಪ್ರಕಾರ ಇದೇ ನಿಶ್ಚಿಂತೆ. 180 ದಿನಕ್ಕಿಂತ ದೊಡ್ಡ ಎಂಟ್ರಿ ವೀಸಾದಲ್ಲಿ ಬಂದರೆ 14 ದಿನದೊಳಗೆ ಎಫ್ಆರ್‌ಆರ್‌ಒದಲ್ಲಿ ನೋಂದಣಿ ಮಾಡಿಸಬೇಕು, ಅದೊಂದು ಮರೆಯಬೇಡಿ.

ಬೆಂಗಳೂರಿನಲ್ಲಿ ನಿಜವಾದ ತಲೆನೋವು ಬರುವುದು ಮನೆ ಮಾಲೀಕರಿಂದ. ವಿದೇಶಿಯರು ಯಾರ ಮನೆಯಲ್ಲಿ ಉಳಿದರೂ ಆ ಮನೆಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರು ತಂಗಿರುವ ಮಾಹಿತಿಯ ಫಾರ್ಮ್ (ಹಿಂದೆ ಫಾರ್ಮ್ ಸಿ ಅನ್ನುತ್ತಿದ್ದದ್ದು) ತುಂಬಬೇಕು. ಹೋಟೆಲಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ನಿಮ್ಮ ಅಪ್ಪನ ಮನೆಯಲ್ಲಿ ಉಳಿದರೂ ಅಪ್ಪ ತುಂಬಬೇಕು. ನಾವು ಆಗ ಬಾಡಿಗೆಗಿದ್ದ ಮನೆಯ ಅಂಕಲ್ ತುಂಬಾ ಒಳ್ಳೆಯವರು, ಹಬ್ಬಕ್ಕೆ ಒಬ್ಬಟ್ಟು ಕಳಿಸುವವರು. ಆದರೆ ‘ಪೊಲೀಸ್’, ‘ಫಾರ್ಮ್’ ಅನ್ನೋ ಎರಡು ಪದ ಕಿವಿಗೆ ಬಿದ್ದದ್ದೇ ತಡ, ‘ಮಗ ಅಮೆರಿಕದಿಂದ ಬರಲಿ, ಕೇಳಿ ಹೇಳ್ತೀನಿ’ ಅಂದರು. ಅವರ ಭಯ ಪೊಲೀಸರದ್ದಲ್ಲ, ಬಾಡಿಗೆ ಲೆಕ್ಕ ಎಲ್ಲೋ ದಾಖಲಾಗುತ್ತದೆ ಅನ್ನೋದು. ಕೊನೆಗೆ ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರೂ ಸೇರಿಸಿ, ಅವರ ಪಕ್ಕ ಕೂತು ನಾನೇ ಫಾರ್ಮ್ ತುಂಬಿಸಿದೆ. ನೀವು ಹೊಸ ಮನೆ ನೋಡುವಾಗಲೇ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಮಾತಾಡಿಬಿಡಿ.

ಪೊಲೀಸ್ ಪರಿಶೀಲನೆಗೆ ಹೆದರಬೇಕಾಗಿಲ್ಲ. ನಮ್ಮಲ್ಲಿಗೆ ಬಂದವರು ಮದುವೆ ಫೋಟೋ ನೋಡಿದರು, ಕೆಳಗಿನ ಮನೆಯವರನ್ನು ಎರಡು ಮಾತು ಕೇಳಿದರು, ಗಂಡನ ಹತ್ತಿರ ‘ಕನ್ನಡ ಬರುತ್ತಾ ಸಾರ್?’ ಅಂದರು. ‘ಸ್ವಲ್ಪ ಸ್ವಲ್ಪ’ ಅಂದದ್ದಕ್ಕೆ ಖುಷಿಯಾಗಿ ಕಾಫಿ ಕುಡಿದು ಹೋದರು.

ಇನ್ನು ಆ 90 ದಿನಕ್ಕೊಮ್ಮೆ ಕೊಲಂಬೊಗೆ ಹೋಗಿ ಬರುವುದು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಎಂಬ ಮಿತಿಯೂ ಇ-ಟೂರಿಸ್ಟ್ ವೀಸಾಗೆ ಇದೆ. ಹೋಗಿ ಬಂದ ಮಾತ್ರಕ್ಕೆ ಅದು ಸೊನ್ನೆಯಿಂದ ಶುರುವಾಗುವುದಿಲ್ಲ. ಒಂದು ದಿನ ಹೆಚ್ಚು ಉಳಿದರೆ ಏನಾಗುತ್ತೆ, ದಂಡ ಕಟ್ಟಿದರಾಯಿತು ಅನ್ನುವವರ ಮಾತು ಕೇಳಲೇಬೇಡಿ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ವೀಸಾ ಅವಧಿ ಮೀರಿ ಉಳಿದವರನ್ನು ಪೌರತ್ವ ಕಾಯ್ದೆ ಅಕ್ರಮ ವಲಸಿಗರು ಎನ್ನುತ್ತದೆ. ಮಗು ಹುಟ್ಟುವ ಹೊತ್ತಿಗೆ ತಂದೆ ತಾಯಿಯಲ್ಲಿ ಒಬ್ಬರು ಆ ಸ್ಥಿತಿಯಲ್ಲಿದ್ದರೆ, ಇನ್ನೊಬ್ಬರು ಭಾರತೀಯರಾಗಿದ್ದರೂ, ಇಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಭಾರತದ ಪೌರತ್ವ ಸಿಗುವುದಿಲ್ಲ.

ಕೆಲಸದ ವಿಷಯ. ಅವರು ಲ್ಯಾಪ್‌ಟಾಪ್ ಇಟ್ಟುಕೊಂಡು ಜರ್ಮನಿಯ ಕಂಪನಿಗೆ ಕೆಲಸ ಮಾಡುತ್ತಾರೆ ಅಂತ ಬರೆದಿದ್ದೀರಿ. ಟೂರಿಸ್ಟ್ ವೀಸಾ ಇರುವುದು ಊರು ನೋಡೋಕೆ, ನೆಂಟರನ್ನು ಕಾಣೋಕೆ. ಎಕ್ಸ್-2 ಬಂದ ಮಾತ್ರಕ್ಕೆ ಇಲ್ಲಿ ಕೆಲಸಕ್ಕೆ ಸೇರಬಹುದು ಅಂತಲೂ ಅಲ್ಲ, ಮೊದಲು ಎಫ್ಆರ್‌ಆರ್‌ಒದಲ್ಲಿ ಕೇಳಬೇಕು. ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆದಾಯ ತೆರಿಗೆಗೆ ಇಲ್ಲಿನ ನಿವಾಸಿ ಆಗುತ್ತಾರೆ. ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ, ದುಡ್ಡು ದಂಡ ಆಗಲ್ಲ.

ಈ ಕಟ್ಟುಪಾಡೆಲ್ಲ ಸಡಿಲವಾಗುವುದು ಓಸಿಐ ಬಂದಾಗ. ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ಪೂರ್ತಿ ಕಳೆದಿರಬೇಕು. ಟೂರಿಸ್ಟ್ ವೀಸಾದಲ್ಲಿ ಇದ್ದುಕೊಂಡು ಭಾರತದೊಳಗೆ ಅರ್ಜಿ ಹಾಕುವಂತಿಲ್ಲ, ಎಕ್ಸ್-2 ಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ. ಕಾರ್ಡ್ ಬಂದಮೇಲೆ ಎಫ್ಆರ್‌ಆರ್‌ಒ ನೋಂದಣಿ ಇಲ್ಲ, ಎಷ್ಟು ದಿನ ಬೇಕಾದರೂ ಇರಬಹುದು, ಕೆಲಸಕ್ಕೂ ಸೇರಬಹುದು. ಸರ್ಕಾರಿ ನೌಕರಿ ಇಲ್ಲ, ಮತದಾನ ಇಲ್ಲ, ಪತ್ರಿಕೋದ್ಯಮ, ಸಂಶೋಧನೆಯಂಥ ಕೆಲವಕ್ಕೆ ಬೇರೆ ಅನುಮತಿ ಬೇಕು. ಸಕಲೇಶಪುರದಲ್ಲಿ ಅವರ ಹೆಸರಿಗೆ ಕಾಫಿ ತೋಟ ಕೊಳ್ಳುವ ಕನಸಿದ್ದರೆ ಬಿಟ್ಟುಬಿಡಿ, ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಿಚ್ಛೇದನವಾದರೆ ಕಾರ್ಡೂ ಹೋಗುತ್ತದೆ. ನನ್ನ ಗಂಡನಿಗೆ ಎಲ್ಲಕ್ಕಿಂತ ಸಂತೋಷವಾದದ್ದು ಹಂಪಿಯಲ್ಲಿ. ವಿಜಯ ವಿಠ್ಠಲ ದೇವಸ್ಥಾನಕ್ಕೆ ವಿದೇಶಿಯರ ಟಿಕೆಟ್ 600 ರೂಪಾಯಿ, ನಮಗೆ 40. ಕಾರ್ಡ್ ತೋರಿಸಿ 40 ಕೊಟ್ಟು ಒಳಗೆ ಹೋದವರು ಆ ಟಿಕೆಟನ್ನು ಇನ್ನೂ ಪರ್ಸಿನಲ್ಲಿಟ್ಟುಕೊಂಡಿದ್ದಾರೆ.

ನೀವೇ ಅಲ್ಲಿಗೆ ಹೋಗುವುದಾದರೆ, ಶಾಶ್ವತವಾಗಿಯೋ ಸುಮ್ನೆ ಅತ್ತೆ ಮನೆಗೋ ಅಂತ ಮೊದಲು ತೀರ್ಮಾನ ಮಾಡಿ. ಸುಮ್ನೆ ಹೋಗಿ ಬರುವುದಕ್ಕೆ ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಸಾಕು. ಅದರ ಲೆಕ್ಕ ಯಾವುದೇ 180 ದಿನದಲ್ಲಿ 90 ದಿನ, ಹೋದ ದಿನವೂ ಬಂದ ದಿನವೂ ಸೇರಿ. ಜನವರಿ 1ರಿಂದ ಮಾರ್ಚ್ 31ರವರೆಗೆ ಇದ್ದರೆ 90 ಮುಗಿಯಿತು, ಮತ್ತೆ ಕಾಲಿಡಬಹುದಾದದ್ದು ಜೂನ್ 30ಕ್ಕೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರಿನಲ್ಲೇ ದಿನ ಎಣಿಸುವ ವ್ಯವಸ್ಥೆ ಶುರುವಾಗಿದೆ, ಆದ್ದರಿಂದ ಮಸುಕಾದ ಸೀಲಿನ ನೆಪ ಇನ್ನು ನಡೆಯುವುದಿಲ್ಲ. ಒಂದು ಲಾಭ ಹೇಳುತ್ತೇನೆ: ಜರ್ಮನ್ ಗಂಡನ ಜೊತೆ ಫ್ರಾನ್ಸಿಗೋ ಇಟಲಿಗೋ ಹೋಗುವಾಗ ಯುರೋಪಿಯನ್ ಒಕ್ಕೂಟದ ನಿಯಮದಂತೆ ಹೆಂಡತಿಗೆ ವೀಸಾ ಶುಲ್ಕವಿಲ್ಲ. ಕೌಂಟರಿನವರು ತಾವಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ.

ಅಲ್ಲೇ ನೆಲೆಸುವುದಾದರೆ ಅದು ಬೇರೆ ವೀಸಾ, ಸಾಮಾನ್ಯವಾಗಿ ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಭಾಷೆಯ ಸರ್ಟಿಫಿಕೇಟ್ ಕೇಳುತ್ತಾರೆ. ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಯೂ ಇದೆ, ಪರೀಕ್ಷೆಯೂ ಇದೆ. ಸೀಟು ಬೇಗ ತುಂಬುತ್ತವೆ. ಹೋಗುವುದು ಇನ್ನೂ ಖಾತ್ರಿ ಇಲ್ಲದಿದ್ದರೂ ಸೇರಿಕೊಳ್ಳಿ, ಅತ್ತೆಯ ಜೊತೆ ಫೋನಿನಲ್ಲಿ ಮಾತಾಡೋಕಾದರೂ ಬೇಕಲ್ವಾ.