ಹುಲ್ಲಿನ ಕೆಳಗೆ ಏನಿದೆ, ನೋಡಿದಿರಾ?

ಪ್ರಶ್ನೆ: ಕಳೆದ ದೀಪಾವಳಿಗೆ ಪುಣೆ ಹತ್ತಿರದ ತಳೇಗಾವ್‌ನಲ್ಲಿ ಹೊಸ ರೋ ಹೌಸ್ ತಗೊಂಡೆವು. ಬೆಳೆದದ್ದು ಧಾರವಾಡದ ಹಂಚಿನ ಮನೆಯಲ್ಲಿ, ಆಮೇಲೆ ಬರೀ ಫ್ಲ್ಯಾಟು. ಲಾನ್ ನಮಗೆ ಹೊಸದು. ಬಿಲ್ಡರ್ ಹಾಸಿಕೊಟ್ಟ ಮೆಕ್ಸಿಕನ್ ಹುಲ್ಲು ಜೂನ್‌ನಲ್ಲಿ ಚೆನ್ನಾಗಿತ್ತು, ಆಗಸ್ಟ್‌ಗೆ ಅಲ್ಲಲ್ಲಿ ಹಳದಿಯಾಯಿತು. ಗೋಡೆ ಬದಿಗೆ ನೀರು ನಿಲ್ಲುತ್ತದೆ, ಹಾಲ್ ಗೋಡೆಗೆ ಕೆಳಗಡೆ ತೇವ ಬಂದಿದೆ. ಮಾಲಿ ಯೂರಿಯಾ ಹಾಕಿ ಅನ್ನುತ್ತಾನೆ, ಪೇಂಟರ್ ಪುಟ್ಟಿ ಹಚ್ಚೋಣ ಅನ್ನುತ್ತಾನೆ. ಯಾರ ಮಾತು ಕೇಳಬೇಕು?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಹಳದಿ ಆದ ಕಡೆ ಹುಲ್ಲನ್ನು ಹಿಡಿದು ಎಳೆಯಿರಿ. ಚಾಪೆಯ ಹಾಗೆ ಎದ್ದು ಬಂದರೆ ಬೇರು ಉಳಿದಿಲ್ಲ ಅಂತ ಅರ್ಥ. ಕೆಳಗೆ ಮಣ್ಣು ಕೆದಕಿ, ಬಿಳಿ ಮೈ, ಕಂದು ತಲೆಯ, ಅರ್ಧಚಂದ್ರದ ಥರ ಮುದುಡಿಕೊಂಡ ಹುಳ ಸಿಕ್ಕರೆ ಅದೇ ಗೊಣ್ಣೆ ಹುಳ. ನಿಮ್ಮ ಮಾಲಿಗೆ ಮರಾಠಿಯಲ್ಲಿ ಹುಮಣಿ ಅಂದರೆ ತಕ್ಷಣ ಗೊತ್ತಾಗುತ್ತದೆ. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಕಡೆ ಕಬ್ಬಿನ ರೈತರ ನಿದ್ದೆ ಕೆಡಿಸುವುದೂ ಇದೇ. ಬೇರು ತಿನ್ನುವ ಹುಳಕ್ಕೆ ಯೂರಿಯಾ ಹಾಕಿ ಏನು ಪ್ರಯೋಜನ? ಮೇಲಿಂದ ಜಾಸ್ತಿ ಬಿದ್ದರೆ ಉಳಿದ ಹುಲ್ಲೂ ಸುಟ್ಟು ಹೋಗುತ್ತದೆ.

ಈಗ ಹುಳ ದಪ್ಪಗಾಗಿರುತ್ತದೆ, ಕೈಯಿಂದ ಹೆಕ್ಕಿ ತೆಗೆಯಿರಿ, ಅಂಗಳ ಚಿಕ್ಕದು ಅಲ್ವಾ. ಕೃಷಿ ಸೇವಾ ಕೇಂದ್ರದಲ್ಲಿ ಮೆಟಾರೈಜಿಯಂ ಅಂತ ಒಂದು ಶಿಲೀಂಧ್ರದ ಪುಡಿ ಸಿಗುತ್ತದೆ. ಹುಳ ಇನ್ನೂ ಸಣ್ಣದಿರುವಾಗ, ಅಂದರೆ ಮುಂದಿನ ಮಳೆಗಾಲದ ಶುರುವಿನಲ್ಲಿ, ಅದನ್ನು ಕಳಿತ ಗೊಬ್ಬರಕ್ಕೆ ಬೆರೆಸಿ ಸಂಜೆ ಹೊತ್ತು ಹಸಿ ಮಣ್ಣಿಗೆ ಹಾಕಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಿಧಾನ. ಮೊದಲ ಮಳೆ ಬಿದ್ದ ಮೇಲೆ ಇದರ ದುಂಬಿಗಳು ಕತ್ತಲಾಗುತ್ತಲೇ ಬೇವಿನ ಮರಕ್ಕೆ ಬರುತ್ತವೆ. ಕೊಂಬೆ ಅಲುಗಿಸಿ ಬೀಳಿಸಿ, ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿ. ಅಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಹುಳ ಸಿಗಲಿಲ್ಲವಾ? ಹಾಗಾದರೆ ಒಂದು ಅಡಿ ಗುಂಡಿ ತೋಡಿ. ಎಷ್ಟೋ ಹೊಸ ಲೇಔಟ್‌ಗಳಲ್ಲಿ ನಾಲ್ಕು ಇಂಚು ಕೆಂಪು ಮಣ್ಣು, ಅದರ ಕೆಳಗೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಒಡೆದ ಟೈಲ್ಸು. ಮನೆ ಕಟ್ಟಿ ಉಳಿದಿದ್ದನ್ನೆಲ್ಲಾ ಅಲ್ಲೇ ಹೂತು ಮೇಲೆ ಹುಲ್ಲಿನ ಕಾರ್ಪೆಟ್ ಹಾಸಿ ಫೋಟೋ ತೆಗೆಸಿಕೊಂಡು ಹೋಗಿರುತ್ತಾರೆ. ಗುಂಡಿಗೆ ಒಂದು ಬಕೆಟ್ ನೀರು ಸುರಿಯಿರಿ. ಮರುದಿನ ಬೆಳಿಗ್ಗೆಯೂ ನೀರು ಹಾಗೇ ಇದ್ದರೆ ಎಷ್ಟು ಸಲ ಹೊಸ ಹುಲ್ಲು ಹಾಸಿದರೂ ಸುಮ್ನೆ ದುಡ್ಡು ದಂಡ.

ತೇವದ ವಿಷಯ ಇದಕ್ಕಿಂತ ಮುಖ್ಯ. ಲಾನ್ ವರಾಂಡಕ್ಕೆ ಸಮ ಕಾಣಲಿ ಅಂತ ಗೋಡೆಗೆ ಆನಿಸಿ ಮಣ್ಣು ಏರಿಸಿರುತ್ತಾರೆ. ಆ ಮಣ್ಣಿನ ನೀರನ್ನು ಗೋಡೆ ಹೀರುತ್ತದೆ. ಮಣ್ಣು ಪ್ಲಿಂತ್‌ಗಿಂತ, ಅಂದರೆ ಮನೆಯೊಳಗಿನ ನೆಲದ ಮಟ್ಟಕ್ಕಿಂತ, ಕನಿಷ್ಠ 6 ಇಂಚು ಕೆಳಗಿರಬೇಕು, ಗೋಡೆಯಿಂದ ಆಚೆಗೆ 10 ಅಡಿಗೆ 6 ಇಂಚಿನಷ್ಟು ಇಳಿಜಾರು ಇರಬೇಕು. ನೀರು ನಿಲ್ಲುವ ಕಡೆ ಒಂದಡಿ ಕಾಲುವೆ ತೋಡಿ, ಖಡಿ (ಜಲ್ಲಿಕಲ್ಲು) ತುಂಬಿ, ಮಳೆನೀರಿನ ಗಟಾರಕ್ಕೆ ಸೇರಿಸಿ. ಪುಟ್ಟಿ, ಬಣ್ಣ ಎಲ್ಲಾ ಗೋಡೆ ಪೂರ್ತಿ ಒಣಗಿದ ಮೇಲೆ, ಹೋಳಿ ಹೊತ್ತಿಗೆ ನೋಡಿಕೊಳ್ಳಿ. ಹಸಿ ಗೋಡೆಗೆ ಹಚ್ಚಿದ ಪುಟ್ಟಿ ಉಪ್ಪು ಬಿಟ್ಟು ಉದುರುತ್ತದೆ.

ಇನ್ನೊಂದು, ಮನೆಯ ಪಕ್ಕದ ಓಣಿಗೂ ಹುಲ್ಲು ಹಾಸಿಸಬೇಡಿ. ಮೆಕ್ಸಿಕನ್ ಹುಲ್ಲಿಗೆ ಅರ್ಧ ದಿನವಾದರೂ ಬಿಸಿಲು ಬೇಕು. ಅಲ್ಲಿ ಕೆಸು ಹಾಕಿ, ನಿಮಗೆ ಪತ್ರೊಡೆ, ಪಕ್ಕದ ಮರಾಠಿ ಮನೆಯವರಿಗೆ ಅದೇ ಎಲೆಯ ಅಳೂವಡಿ.

ಪ್ರಶ್ನೆ: ಡೊಂಬಿವಲಿಯಲ್ಲಿ ಹಳೇ ಫ್ಲ್ಯಾಟ್ ತಗೊಂಡು ಬಾತ್‌ರೂಮ್ ಟೈಲ್ಸ್ ಒಡೆಸಿದೆವು. ಒಳಗಿನ ಕಬ್ಬಿಣದ ಪೈಪ್ ಪೂರ್ತಿ ತುಕ್ಕು. ಕಾಂಟ್ರ್ಯಾಕ್ಟರ್ ಹೆಚ್ಚಿಗೆ ಹಣ ಕೇಳುತ್ತಿದ್ದಾರೆ, ಕೆಳಗಿನ ಮನೆಯವರು ಸೀಲಿಂಗ್ ಸೋರುತ್ತಿದೆ ಅಂತ ಜಗಳಕ್ಕೆ ಬಂದಿದ್ದಾರೆ.

ಉತ್ತರ: ಪೈಪ್ ಈಗಲೇ ಬದಲಾಯಿಸಿ, ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್ ಪೈಪ್) ಹಾಕಿಸಿ. ಗೋಡೆ ತೆರೆದಿರುವಾಗ ಉಳಿಸಿದ ದುಡ್ಡು ಆಮೇಲೆ ಎರಡರಷ್ಟು ಹೋಗುತ್ತದೆ. ಆದರೆ ಅಡಿಗೆ ಎಷ್ಟು ರೂಪಾಯಿ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡೇ ಹೂಂ ಅನ್ನಿ. ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ನಹಾನಿ ಟ್ರ್ಯಾಪಿನ (ನೆಲದಲ್ಲಿ ನೀರು ಹೋಗುವ ಕಿಂಡಿಯ) ಬಾಯಿ ಮುಚ್ಚಿ, ಬಾಗಿಲಿಗೆ ಅಡ್ಡ ಸಣ್ಣ ಕಟ್ಟೆ ಕಟ್ಟಿಸಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿ 48 ಗಂಟೆ ಬಿಡಿ. ಕೆಳಗಿನ ಮನೆಯವರನ್ನೇ ಕರೆದು ಅವರ ಸೀಲಿಂಗ್ ತೋರಿಸಲು ಹೇಳಿ, ಜಗಳ ಅಲ್ಲೇ ತಣ್ಣಗಾಗುತ್ತದೆ. ಕೊನೆಯ ಕಂತು ಈ ಪರೀಕ್ಷೆ ಮುಗಿದ ಮೇಲೆ. ಗೋಡೆ ಮುಚ್ಚುವ ಮೊದಲು ಪೈಪಿನ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದಿಡಿ, ನಾಳೆ ಗೀಸರ್‌ಗೆ ಡ್ರಿಲ್ ಮಾಡುವಾಗ ಬೇಕಾಗುತ್ತದೆ.

ಪ್ರಶ್ನೆ: ಹೊಸ ಮನೆ ಸೋರಿದರೆ ಬಿಲ್ಡರ್ ಹೊಣೆ ಎಷ್ಟು ದಿನ? (ಹಿಂಜೆವಾಡಿಯಿಂದ)

ಉತ್ತರ: 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ ಕೈಗೆ ಕೊಟ್ಟ ದಿನದಿಂದ 5 ವರ್ಷ. ಕಟ್ಟಡದ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ಗಮನಕ್ಕೆ ತಂದರೆ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಫೋಟೋ ಸಮೇತ ಇಮೇಲ್ ಕಳಿಸಿ. ಮಾಡದಿದ್ದರೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ತಳೇಗಾವ್‌ನವರೂ ಹಾಲ್ ಗೋಡೆಗೆ ಇದನ್ನೇ ಮಾಡಲಿ, ಮಣ್ಣು ಕೆದಕುವ ಮೊದಲೇ ಫೋಟೋ ತೆಗೆದುಕೊಳ್ಳಲಿ. ಹುಳ ತಿಂದ ಹುಲ್ಲಿಗೆ ಮಾತ್ರ ಬಿಲ್ಡರ್‌ನನ್ನು ಹಿಡಿಯುವುದು ಕಷ್ಟ.