ಉಳಿದ ಹದಿಮೂರು ತಪ್ಪು ನೋಟ್‌ಬುಕ್ಕಿನಲ್ಲೇ ಇರಲಿ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಹತ್ತಿರ ಬಂದಿದ್ದ ಅವಳಿಗೆ 19 ವರ್ಷ. ಫುಟ್‌ಬಾಲ್ ರೆಫರಿಯಾಗಿ ಆಗಷ್ಟೇ ಏಳನೇ ಪಂದ್ಯ ಮುಗಿಸಿದ್ದಳು. "ಇದನ್ನ ಬಿಟ್ಟುಬಿಡ್ತೀನಿ. ರಾತ್ರಿ ನಿದ್ದೆ ಬಂದರೆ ಸಾಕು" ಎಂದಳು. ಮಾತಾಡುವಾಗ ವಿಸಿಲ್ಲಿನ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ನಡೆದೇ ಇತ್ತು. ಬಿಡಲೇಬೇಕು ಅಂತ ಗಟ್ಟಿ ಮಾಡಿಕೊಂಡವರು ವಿಸಿಲ್ ಹಿಡಿದು ಬರಲ್ಲ, ಅಲ್ವಾ?

ಅದು 12 ವರ್ಷದೊಳಗಿನ ಮಕ್ಕಳ ಪಂದ್ಯ. ಚೆಂಡು ಹುಡುಗನೊಬ್ಬನ ಕೈಗೆ ತಾಗಿದಂತೆ ಕಂಡಿತು, ಪೆನಾಲ್ಟಿ ಕೊಟ್ಟಳು. ಆದರೆ ಕೈ ಮೈಗೆ ಅಂಟಿಕೊಂಡೇ ಇತ್ತಂತೆ, ಅಂದರೆ ಪೆನಾಲ್ಟಿ ಕೊಡುವಂಥದ್ದಲ್ಲ. ಗೋಲಾಯಿತು. ಒಬ್ಬ ತಂದೆ ಗೆರೆಯುದ್ದಕ್ಕೂ ನಡೆಯುತ್ತಾ "ಕಣ್ಣು ಕಾಣಲ್ವಾ?" ಎಂದು ಕೂಗಿದ್ದೇ ಕೂಗಿದ್ದು.

ಅದಕ್ಕಿಂತ ಜಾಸ್ತಿ ನೋವಾದದ್ದು ಪಂದ್ಯ ಮುಗಿದ ಮೇಲೆ. ಅವಳಿಗೆ ಮಾರ್ಗದರ್ಶನ ಮಾಡಲು ಬಂದಿದ್ದ ಹಿರಿಯ ರೆಫರಿ ಗೋಲ್‌ಪೋಸ್ಟ್ ಪಕ್ಕದಲ್ಲೇ ನಿಲ್ಲಿಸಿ, ಆ ತಂದೆಗೂ ಕೇಳುವಂತೆ, 14 ತಪ್ಪುಗಳನ್ನು ಓದಿದರು. "ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ" ಎಂದು ಅತ್ತಳು.

"ಆಟ ಮತ್ತೆ ಶುರುವಾದ ಮೇಲೆ ಆ ಪೆನಾಲ್ಟಿಯನ್ನು ವಾಪಸ್ ತಗೊಳ್ಳಬಹುದಿತ್ತಾ?" ಎಂದು ಕೇಳಿದೆ.

"ಇಲ್ಲ, ನಿಯಮದಲ್ಲೇ ಅವಕಾಶ ಇಲ್ಲ" ಎಂದಳು, ಒಂದು ಕ್ಷಣವೂ ಯೋಚಿಸದೆ.

"ಮೈದಾನದಲ್ಲಿ ಆಟ ಮುಂದಕ್ಕೆ ಹೋಯಿತು. ನೀನಿನ್ನೂ ಆ ಪೆನಾಲ್ಟಿ ಹತ್ತಿರವೇ ನಿಂತಿದ್ದೀಯ."

ದಾರ ಸುತ್ತುವುದು ನಿಂತಿತು. ತುಂಬಾ ಹೊತ್ತು ಸುಮ್ಮನಿದ್ದಳು.

ಆಮೇಲೆ ಹಾಳೆಯ ಮೇಲೆ ಆ ಕ್ಷಣದ ಚಿತ್ರ ಬರೆಸಿದೆ. ಯಾರು ಎಲ್ಲಿದ್ದರು, ತಾನೆಲ್ಲಿದ್ದೆ. ಬರೆಯುತ್ತಾ ಅವಳೇ ಕಂಡುಕೊಂಡಳು: ಎದುರಿಗೆ ಒಬ್ಬ ಆಟಗಾರ ಅಡ್ಡ ಬಂದಿದ್ದ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಕೈ ಸ್ಪಷ್ಟವಾಗಿ ಕಾಣುತ್ತಿತ್ತು. "ನಾನು ಲಾಯಕ್ಕಿಲ್ಲ" ಎಂದುಕೊಂಡು ಕೂತರೆ ಮಾಡುವುದಕ್ಕೆ ಏನೂ ಇರಲ್ಲ. ನಾಲ್ಕು ಹೆಜ್ಜೆಯನ್ನು ಮುಂದಿನ ಪಂದ್ಯದಲ್ಲೇ ಇಡಬಹುದು. ಪ್ರತಿ ಪಂದ್ಯದ ನಂತರ ಸರಿ ಮಾಡಿದ್ದು ಒಂದು, ಕಲಿಯಬೇಕಾದ್ದು ಒಂದು ಬರೆದು ಪುಸ್ತಕ ಮುಚ್ಚಿಡಲು ಹೇಳಿದೆ.

ಬೈಗುಳ ತಿನ್ನುವುದು ರೆಫರಿ ಕೆಲಸದ ಭಾಗ ಎನ್ನುವುದನ್ನು ನಾನು ಒಪ್ಪಲ್ಲ. ಕೋಚ್ ಮಿತಿ ಮೀರಿದರೆ 2019ರಿಂದ ಅವರಿಗೂ ಕಾರ್ಡ್ ತೋರಿಸಬಹುದು. ಹೊರಗಿನವರ ಕಾಟಕ್ಕೆ ಆಟ ನಿಲ್ಲಿಸುವ ಅಧಿಕಾರವೂ ರೆಫರಿಗಿದೆ. ನಿಲ್ಲಿಸು, ಕೋಚ್‌ಗಳನ್ನು ಕರೆದು ಹೇಳು, ವರದಿಯಲ್ಲಿ ಬರೆ ಎಂದೆ.

ಅವಳ ಒಪ್ಪಿಗೆ ಪಡೆದು ಆ ಹಿರಿಯರನ್ನೂ ಕರೆಸಿದೆ. ಕೆಟ್ಟವರೇನಲ್ಲ. "ನಾವೂ ಹೀಗೇ ಬೈಸಿಕೊಂಡು ಕಲಿತದ್ದು" ಎಂದರು. ಅವರ ಜೊತೆ ಶುರು ಮಾಡಿದವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿದೆ. ಬೆರಳು ಮಡಚತೊಡಗಿ ಎರಡಕ್ಕೆ ನಿಂತರು.

ಅವರಿಗೆ ಹೇಳಿದ್ದಿಷ್ಟು. ಪಂದ್ಯ ಮುಗಿದ ಮೊದಲ ಹತ್ತು ನಿಮಿಷ ತಿದ್ದಬೇಡಿ. ನೀರು ಕೊಡಿ, ಕೂರಿಸಿ, "ನಿಂಗೆ ಹೇಗನ್ನಿಸ್ತು?" ಎಂದು ಕೇಳಿ. ಆಮೇಲೆ ಒಂದೇ ಒಂದು ವಿಷಯ ಹೇಳಿ. ಪಂದ್ಯ ನಡೆಯುವಾಗ ಅಪ್ಪ ಅಮ್ಮಂದಿರು ಸೇರುವ ಕಡೆಯೇ ನಿಂತಿರಿ, ಅವಳಿಗೆ ಕಾಣುವ ಹಾಗೆ.

"ಉಳಿದ ಹದಿಮೂರು?" ಎಂದರು.

"ಸದ್ಯಕ್ಕೆ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ."

ಎಂಟನೇ ಪಂದ್ಯಕ್ಕೆ ಇಬ್ಬರೂ ಹೋದರು. ನಡುರಾತ್ರಿ ಅವಳಿಗೆ ಒಮ್ಮೊಮ್ಮೆ ಈಗಲೂ ಎಚ್ಚರವಾಗುತ್ತದೆ. ಎರಡು ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಿದ್ದಾಳೆ.